ಚಿಗರಿಯ ಅಳತೆ

ಚೀಟಿಯನ್ನು ಸುಮೈರಾ ಎರಡು ಸಲ ಓದಿದಳು. ಎದೆಯ ಸುತ್ತಳತೆ ಇಪ್ಪತ್ತೆಂಟು ಇಂಚು, ಸೊಂಟ ಹದಿನೇಳು, ಕುತ್ತಿಗೆ ಹದಿಮೂರು, ಉದ್ದ ಇಪ್ಪತ್ತಾರು. ಹರಿಹರದ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ರವಿಕೆ, ಚೂಡಿದಾರ ಹೊಲಿಯುತ್ತಿದ್ದ ಅವಳಿಗೆ ಚೀಟಿಯಲ್ಲಿ ಬರುವ ಅಳತೆಗಳ ಮೇಲೆ ಅಷ್ಟಾಗಿ ನಂಬಿಕೆ ಇರಲಿಲ್ಲ. ಹೆಂಗಸರು ಸೊಂಟವನ್ನು ಒಂದೆರಡು ಇಂಚು ಕಡಿಮೆ ಬರೆಯುವುದು ಇದ್ದದ್ದೇ. ಆದರೆ ಎದೆಗೂ ಸೊಂಟಕ್ಕೂ ಹನ್ನೊಂದು ಇಂಚಿನ ವ್ಯತ್ಯಾಸವನ್ನು ಈವರೆಗೆ ಯಾರೂ ಬರೆದುಕೊಂಡು ಬಂದಿರಲಿಲ್ಲ.

“ಯಾರ ಅಳತೆ ಮೇಡಂ ಇದು? ಎಲ್ಲೋ ತಪ್ಪಾಗೈತೆ.”

ಎದುರಿಗೆ ನಿಂತಿದ್ದ ರಶ್ಮಿತಾ ದಾವಣಗೆರೆಯ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ. ತಂಗಿಯ ಮದುವೆಗೆ ಆರು ರವಿಕೆ ಇಲ್ಲೇ ಹೊಲಿಸಿದ್ದಳು. ಅವಳು ಸ್ವಲ್ಪ ಸಂಕೋಚದಿಂದ, “ತಪ್ಪಿಲ್ಲ ಅಕ್ಕಾ. ನಮ್ಮ ನಾಯೀದು,” ಎಂದಳು.

ಸುಮೈರಾ ಚೀಟಿಯನ್ನು ಮೇಜಿನ ಮೇಲಿಟ್ಟಳು.

ರಶ್ಮಿತಾ ಬಿಡದೆ ಹೇಳಿದಳು. ಅವಳದು ಮುಧೋಳ ತಳಿಯ ಹೆಣ್ಣುನಾಯಿ, ಹೆಸರು ಚಿಗರಿ. ಮೈಮೇಲೆ ಕೊಬ್ಬಿಲ್ಲ, ಕೂದಲು ಗಿಡ್ಡ, ಡಿಸೆಂಬರ್ ಬಂತೆಂದರೆ ನಡುಗುತ್ತದೆ. ಅಂಗಡಿಯಲ್ಲಿ ಸಿಗುವ ನಾಯಿ ಕೋಟು ಎದೆಗೆ ಸರಿಹೋದರೆ ಹೊಟ್ಟೆಯ ಹತ್ತಿರ ಚೀಲದಂತೆ ಜೋಲುತ್ತದೆ, ಹೊಟ್ಟೆಗೆ ಸರಿಹೋದರೆ ಎದೆಗೆ ಏರುವುದೇ ಇಲ್ಲ. ದಾವಣಗೆರೆಯಲ್ಲಿ ಮೂರು ಮಂದಿ ದರ್ಜಿಗಳು ನಕ್ಕು ಕಳಿಸಿದ್ದರು.

“ನಾಯಿಗಾ?” ಒಳಗಿನಿಂದ ಸುಮೈರಾಳ ಅತ್ತೆ ಹಜೀರಾಬಿಯ ದನಿ ಬಂತು. “ನಮಾಜಿನ ದುಪಟ್ಟಾ ಹೊಲಿಯೋ ಮಿಷನ್ನಿನ ಮೇಲೆ ನಾಯಿ ಬಟ್ಟೆ ಬ್ಯಾಡ.”

ಸುಮೈರಾಳಿಗೂ ನಾಯಿ ಎಂದರೆ ಭಯವೇ. ಆಗುವುದಿಲ್ಲ ಎಂದು ಹೇಳಿ ಕಳಿಸಿದಳು. ರಶ್ಮಿತಾ ಹೋದ ಮೇಲೂ ಚೀಟಿ ಮೇಜಿನ ಮೇಲೆಯೇ ಉಳಿಯಿತು. ಮಧ್ಯಾಹ್ನ ಒಂದು ರವಿಕೆಗೆ ತೋಳು ಕೂಡಿಸುತ್ತಿರುವಾಗ ಅವಳ ಕಣ್ಣು ಮತ್ತೆ ಮತ್ತೆ ಆ ಅಂಕಿಗಳ ಮೇಲೆ ಹೋಗುತ್ತಿತ್ತು. ಹನ್ನೊಂದು ಇಂಚು! ಅಂಥ ಮೈ ಹೇಗಿರುತ್ತದೆ?

ಸಂಜೆ ಮಾವ ಮಕ್ತುಮ್ ಸಾಬ್ ಚಹಾ ಕುಡಿಯಲು ಕೂತಾಗ ಅವಳು ಚೀಟಿ ತೋರಿಸಿದಳು. ಎಪ್ಪತ್ತೆರಡರ ಮಕ್ತುಮ್ ಸಾಬ್ ಹರೆಯದಲ್ಲಿ ದಾವಣಗೆರೆಯ ಮಂಡಿಪೇಟೆಯಿಂದ ತುಂಡು ಬಟ್ಟೆಯ ಗಂಟು ಹೊತ್ತು ಲೋಕಾಪುರ, ಮುಧೋಳದ ಕಡೆಯ ಸಂತೆಗಳಿಗೆ ಹೋಗಿ ಮಾರುತ್ತಿದ್ದವರು. ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಅವರು ನಕ್ಕರು.

“ಇದು ಕಾರವಾನ್ ನಾಯಿ ಕಣಮ್ಮ, ಮುಧೋಳದ್ದು. ಅಳತೆ ಸರಿ ಐತೆ. ಆ ಕಡೆ ಹಳ್ಳೀಲಿ ಕುರುಬರ ಹಟ್ಟಿ ಮುಂದೆ ಕಟ್ಟಿರೋರು. ದೂರದಿಂದ ನೋಡಿದ್ರೆ ಊಟ ಇಲ್ಲದೆ ಸೊರಗಿರೋ ಹಂಗೆ ಕಾಣೋದು. ಬಿಟ್ಟರೆ ಮಾತ್ರ, ಬಸ್ಸಿನ ಜೊತೆ ಓಡೋದು.”

“ಕಾರವಾನ್ ಅಂತ ಯಾಕ ಅಂತಾರೆ ಅಬ್ಬಾ?”

“ವ್ಯಾಪಾರದೋರ ಸಾಲು, ಕಾರವಾನ್. ಹಳೇ ಕಾಲದಾಗೆ ಕುದುರೆ, ಒಂಟೆ ಕಟ್ಟಿಕೊಂಡು ಆ ಕಡೆ ಇರಾನ್, ಅಫ್ಘಾನ್‌ನಿಂದ ಬರೋರಲ್ಲ, ಅವರ ಜೊತೆ ಬಂದ ನಾಯಿ ಅಂತ ಹೇಳ್ತಿದ್ರು. ಕಿವಿ ಮೇಲೆ, ಬಾಲದ ಮೇಲೆ ರೇಷ್ಮೆ ಹಂಗೆ ಉದ್ದ ಕೂದಲಿದ್ರೆ ಅದನ್ನ ಪಶ್ಮಿ ಅನ್ನೋರು.”

ಸುಮೈರಾ ತಲೆಯೆತ್ತಿದಳು. “ಪಶ್ಮಿನಾ ಶಾಲಿನ ಪಶ್ಮಿನಾ?”

“ಹೂಂ. ಪಶ್ಮ್ ಅಂದ್ರೆ ಫಾರಸಿಯಲ್ಲಿ ಉಣ್ಣೆ.”

ಬಟ್ಟೆಯ ಹೆಸರೊಂದು ನಾಯಿಯ ಮೈಮೇಲೆ ಇದೆ ಎನ್ನುವುದು ಅವಳಿಗೆ ವಿಚಿತ್ರವಾಗಿ ಹಿಡಿಸಿತು. ಹೊಲಿದು ನೋಡಬೇಕು ಎಂದಳು. ಹಜೀರಾಬಿ ಮುಖ ತಿರುಗಿಸಿದರು. ಮಕ್ತುಮ್ ಸಾಬ್ ಹೆಂಡತಿಗೆ ಸಮಾಧಾನ ಹೇಳಿದರು: “ಬಟ್ಟೆ ಮನೆಯಿಂದ ಹೋಗೋವಾಗ ಬರೀ ಬಟ್ಟೆ. ಕಲಿಸಿದ ನಾಯಿ ಹಿಡಿದು ತಂದ ಬೇಟೆ ತಿನ್ನಬಹುದು ಅಂತ ನಮ್ಮ ಹಿರೇರೇ ಹೇಳಿಲ್ವಾ?”

ಹಜೀರಾಬಿ ಯೋಚಿಸಿ ಒಂದು ಷರತ್ತು ಹಾಕಿದರು. “ಹೋಗಿದ್ದು ಹೋಗಲಿ. ನಾಯಿ ಮೈ ಮುಟ್ಟಿದ ಮೇಲೆ ಒಂದು ಎಳೆ ದಾರಾನೂ ಈ ಮನೆಗೆ ವಾಪಸ್ ಬರಬಾರದು.”

ಸುಮೈರಾ ಒಪ್ಪಿದಳು. ಒಳಗೆ ಮೆತ್ತನೆಯ ಫ್ಲಾನೆಲ್, ಹೊರಗೆ ಕಂದು ಬಣ್ಣದ ದಪ್ಪ ಬಟ್ಟೆ ಇಟ್ಟು, ಚೀಟಿಯಲ್ಲಿದ್ದ ಅಳತೆಗೆ ಕೂದಲೆಳೆ ತಪ್ಪದಂತೆ ಮೊದಲ ಕೋಟು ಹೊಲಿದಳು. ಫೋನು ಮಾಡಿದಾಗ ರಶ್ಮಿತಾ ಬಂದು ಖುಷಿಯಿಂದ ಒಯ್ದಳು. ಮಾರನೆಯ ದಿನ ಫೋನಿಗೆ ಒಂದು ವಿಡಿಯೋ ಬಂತು. ನಾಯಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕೋಟು ಬೆನ್ನಿನಿಂದ ಜಾರಿ ಪಕ್ಕಕ್ಕೆ ಬಂತು, ಇನ್ನೆರಡು ಹೆಜ್ಜೆಗೆ ಹೊಟ್ಟೆಯ ಕೆಳಗೆ ಹೋಯಿತು. ನಾಯಿ ನಿಂತು, ಅದು ತನ್ನದಲ್ಲ ಎಂಬಂತೆ ಬೇರೆ ಕಡೆ ನೋಡಿತು.

ಅಳತೆ ಸರಿಯಿದೆ, ಹೊಲಿಗೆ ಸರಿಯಿದೆ. ಆದರೂ ಕೋಟು ನಿಲ್ಲಲಿಲ್ಲ. ಹದಿನಾಲ್ಕು ವರ್ಷದಲ್ಲಿ ಹೀಗಾಗಿರಲಿಲ್ಲ. ಭಾನುವಾರ ಸುಮೈರಾ ಟೇಪು, ಸೂಜಿ ದಾರ, ಒಂದು ಕಟ್ಟು ಹಳೆಯ ಪೇಪರು ಚೀಲಕ್ಕೆ ಹಾಕಿಕೊಂಡು ದಾವಣಗೆರೆಯ ಬಸ್ಸು ಹತ್ತಿದಳು.

ವಿದ್ಯಾನಗರದ ಮನೆಯಲ್ಲಿ ಚಿಗರಿ ಹಾಸಿಗೆಯ ಮೇಲೆ ಮಲಗಿತ್ತು. ನೆಲದ ಮೇಲೆ ಮಲಗಿದರೆ ಮೂಳೆ ಒತ್ತುತ್ತದೆ, ಅದಕ್ಕೇ ಹಾಸಿಗೆ ಎಂದಳು ರಶ್ಮಿತಾ. ಸುಮೈರಾ ಬಾಗಿಲಲ್ಲೇ ನಿಂತಳು. ನಾಯಿ ಎದ್ದಿತು. ಎದ್ದಿತು ಅನ್ನುವುದಕ್ಕಿಂತ ಮಡಿಕೆ ಬಿಚ್ಚಿಕೊಂಡಿತು ಅನ್ನಬೇಕು, ಅಷ್ಟು ಉದ್ದದ ಕಾಲುಗಳು. ಮುಖ ನೀಳ, ತಲೆ ಕಿರಿದು, ಕಣ್ಣು ಎರಡೂ ಪಕ್ಕಕ್ಕೆ ಸರಿದಂತಿದ್ದವು. ಬೊಗಳಲಿಲ್ಲ, ಬಾಲ ಅಲ್ಲಾಡಿಸಲಿಲ್ಲ, ಹತ್ತಿರ ಬಂದು ಮೂಸಲಿಲ್ಲ. ಸುಮೈರಾಳನ್ನು ಒಮ್ಮೆ ನೋಡಿ, ಆಮೇಲೆ ಅವಳ ತಲೆಯ ಮೇಲಿನಿಂದ ಬೀದಿಯನ್ನು ನೋಡುತ್ತ ನಿಂತಿತು.

“ಕೂಡ್ರಿ ಅಕ್ಕಾ. ಈಗಲೇ ಮುಟ್ಟಬ್ಯಾಡ್ರಿ. ಹೊಸಬರ ಕೈ ಇವಳಿಗೆ ಆಗಲ್ಲ. ಕಚ್ಚಲ್ಲ, ಸುಮ್ನೆ ಎದ್ದು ಹೋಗ್ತಾಳೆ.”

“ಮತ್ತೆ ಇಷ್ಟು ಸೊರಗೈತಲ್ಲ?”

ರಶ್ಮಿತಾ ನಕ್ಕಳು. “ಎದುರು ಮನೆಯವರೂ ಅದೇ ಕೇಳಿದ್ರು. ಲೆಕ್ಚರರ್ ಆಗಿ ನಾಯಿಗೆ ಅನ್ನ ಹಾಕಲ್ವಲ್ಲ ಅಂತ ಬೀದಿಯೆಲ್ಲ ಹೇಳಿದ್ರು. ಡಾಕ್ಟರು ನೋಡಿ, ಹಿಂಗೇ ಇರಬೇಕು, ದಪ್ಪ ಆದ್ರೆ ಕೆಟ್ಟದ್ದು ಅಂದ್ರು. ಕೊಬ್ಬು ಇಲ್ಲ ನೋಡ್ರಿ, ಅದಕ್ಕೇ ಅರಿವಳಿಕೆ ಔಷಧಿ ಕೊಡೋವಾಗ ಯಾವ ತಳಿ ಅಂತ ಮೊದಲೇ ಹೇಳಬೇಕಂತೆ. ಏಳೋದು ತಡ ಆಗುತ್ತಂತೆ.”

ಸುಮೈರಾ ಕುರ್ಚಿಯ ತುದಿಯಲ್ಲಿ ಒಂದು ತಾಸು ಕೂತಳು. ಕೈಗೆ ಕೆಲಸವಿರಲೆಂದು ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಡುತ್ತಾ ಇದ್ದಳು. ಸ್ವಲ್ಪ ಹೊತ್ತಿಗೆ ಅವಳಿಗೆ ಒಂದು ವಿಷಯ ತಿಳಿಯಿತು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೂ ಕಿವಿ ನಿಮಿರಿಸದ ನಾಯಿ, ಟೇಪಿನ ತುದಿ ಅಲುಗಿದಾಗಲೆಲ್ಲ ಕಣ್ಣು ತಿರುಗಿಸುತ್ತಿತ್ತು. ಅವಳು ಟೇಪನ್ನು ಎಡಕ್ಕೆ ಎಳೆದಳು, ಕಣ್ಣು ಎಡಕ್ಕೆ ಹೋಯಿತು. ಬಲಕ್ಕೆ ಎಳೆದಳು, ಬಲಕ್ಕೆ.

“ಮೇಡಂ, ಇದು ಮೂಗಿನ ನಾಯಿ ಅಲ್ಲ, ಅಲ್ವಾ? ಕಣ್ಣಿನ ನಾಯಿ.”

“ಹೌದ್ರಿ! ವಾಸನೆ ಹಿಡಿದು ಹೋಗೋವು ಬೇರೆ. ಇವು ನೋಡಿ ಬೆನ್ನು ಹತ್ತೋವು. ಕ್ಲಾಸಿನಲ್ಲಿ ಅರ್ಧ ಗಂಟೆ ಹೇಳಿದ್ರೂ ಮಕ್ಕಳಿಗೆ ತಿಳಿಯಲ್ಲ.”

ಕೊನೆಗೆ ಚಿಗರಿಯೇ ಬಂದು ಅವಳ ಮಗ್ಗುಲಲ್ಲಿ ನಿಂತಿತು. ಸುಮೈರಾ ಬಿಸ್ಮಿಲ್ಲಾ ಎಂದು ಟೇಪನ್ನು ಎದೆಯ ಸುತ್ತ ಹಾಯಿಸಿದಳು. ತೆಳ್ಳನೆಯ ಚರ್ಮದ ಕೆಳಗೆ ಹೃದಯ ಬಡಿಯುವುದು ಬೆರಳಿಗೆ ನೇರವಾಗಿ ತಗುಲಿತು. ಇಪ್ಪತ್ತೆಂಟು ಇಂಚು. ಚೀಟಿ ಸುಳ್ಳಾಗಿರಲಿಲ್ಲ. ಆದರೆ ಮನುಷ್ಯರ ಎದೆ ಅಗಲಕ್ಕೆ ಹೋಗುತ್ತದೆ, ಇದರ ಎದೆ ಆಳಕ್ಕೆ ಇಳಿದಿತ್ತು, ಮುಂಗಾಲಿನ ಮೊಣಕೈವರೆಗೆ. ಪಕ್ಕದಿಂದ ನೋಡಿದರೆ ದೊಡ್ಡ ಎದೆ, ಎದುರಿನಿಂದ ನೋಡಿದರೆ ಕಿರಿದು. ಬೆನ್ನು ಸೊಂಟದ ಹತ್ತಿರ ಸಣ್ಣಗೆ ಉಬ್ಬಿ ಮತ್ತೆ ಇಳಿಯುತ್ತಿತ್ತು. ಸುತ್ತಳತೆಯ ಅಂಕಿಯಲ್ಲಿ ಇದೇನೂ ಇರಲಿಲ್ಲ. ಅವಳು ಕೊಳವೆಗೆ ಹೊಲಿದಂತೆ ಹೊಲಿದಿದ್ದಳು, ನಾಯಿ ಇದ್ದದ್ದು ಹಲಗೆಯಂತೆ.

ಪೇಪರನ್ನು ನಾಯಿಯ ಮೈಗೆ ಒತ್ತಿ, ಅಂಚು ಮಡಿಸಿ, ರಶ್ಮಿತಾಳ ಕತ್ತರಿಯಿಂದ ಅಲ್ಲೇ ಕತ್ತರಿಸಿ ಅಳತೆ ಮಾಡಿದಳು. ಆ ಪೇಪರು ಮನೆಗೆ ಹೋಗುವಂತಿರಲಿಲ್ಲ. ಅದರ ಅಂಚು ಹಿಡಿದು ಬೇರೆ ಪೇಪರಿನಲ್ಲಿ ಗೆರೆ ಎಳೆದು, ಮೊದಲನೆಯದನ್ನೂ ಟೇಪನ್ನೂ ಅಲ್ಲಿಯೇ ಬಿಟ್ಟು ಬಂದಳು.

ಮನೆಯಲ್ಲಿ ಹಜೀರಾಬಿ ಊಟ ಬಡಿಸಿದರು. ಸಾರು ಹಾಕುತ್ತಾ, “ನಾಯಿ ಮೂಸಿತಾ?” ಎಂದರು.

“ಇಲ್ಲ ಅಮ್ಮೀ. ನೆಕ್ಕಲೂ ಇಲ್ಲ. ನನ್ನ ಕಡೆ ಸರಿಯಾಗಿ ನೋಡಲೂ ಇಲ್ಲ.”

“ಅಷ್ಟು ಬಿಗುಮಾನಾನಾ?” ಎಂದರು ಹಜೀರಾಬಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಎರಡನೆಯ ಕೋಟು ಕೈಗವಸಿನಂತೆ ಕೂತಿತು. ನಿಂತಾಗ, ನಡೆದಾಗ, ಮಲಗಿದಾಗ ಎಲ್ಲೂ ಜಾರಲಿಲ್ಲ. “ಓಡೋವಾಗ?” ಎಂದಳು ಸುಮೈರಾ. ವಿದ್ಯಾನಗರದ ಬೀದಿಯಲ್ಲಿ ಸ್ಕೂಟರುಗಳ ನಡುವೆ ಅದನ್ನು ಬಿಡುವಂತಿರಲಿಲ್ಲ. ರಶ್ಮಿತಾಳಿಗೆ ಆನಗೋಡಿನಲ್ಲಿ ಪರಿಚಯದ ಭರಮಣ್ಣ ಎನ್ನುವವರಿದ್ದರು. ಅವರ ಹೊಲದಲ್ಲಿ ಮೆಕ್ಕೆಜೋಳ ಕಟಾವಾಗಿ ನೆಲ ಖಾಲಿಯಿತ್ತು. ಇಬ್ಬರೂ ಕಾರಿನಲ್ಲಿ ಹೋದರು.

ಭರಮಣ್ಣ ತಲೆಗೆ ಟವೆಲು ಸುತ್ತಿಕೊಂಡು ಬದುವಿನ ಮೇಲೆ ಕೂತಿದ್ದರು. ಕೋಟು ಹಾಕಿದ ನಾಯಿ ನೋಡಿ, “ಎಲಾ ಇದರ! ಬಿಡ್ರಿ ನೋಡೋಣ,” ಎಂದರು. ರಶ್ಮಿತಾ ಒಂದು ಬಿಳಿ ಬಟ್ಟೆಯ ತುಂಡನ್ನು ಉದ್ದನೆಯ ಹಗ್ಗಕ್ಕೆ ಕಟ್ಟಿ ಭರಮಣ್ಣನ ಬೈಕಿನ ಹಿಂದೆ ಬಿಗಿದಳು. ಬೈಕು ಹೊರಟಿತು, ಬಟ್ಟೆ ಕುಣಿಯುತ್ತಾ ನೆಲದ ಮೇಲೆ ಹಾರಿತು. ಚಿಗರಿ ಒಂದು ಕ್ಷಣ ನಡುಗಿತು. ಆಮೇಲೆ ಅಲ್ಲಿರಲಿಲ್ಲ.

ಸುಮೈರಾಳಿಗೆ ಕಂಡದ್ದು ಕಂದು ಬಣ್ಣದ ಒಂದು ಗೆರೆ. ಕಾಲಿನ ಸದ್ದು ಸಹ ಕೇಳಿಸಲಿಲ್ಲ. ಅವಳು ಫೋನಿನಲ್ಲಿ ನಿಧಾನಗತಿಯ ವಿಡಿಯೋ ತೆಗೆಯುತ್ತಾ ಬಾಯಿ ತೆರೆದುಕೊಂಡು ನಿಂತಿದ್ದಳು. ನಾಯಿ ತಿರುಗಿ ಬಂದಾಗ ಹೆಗಲ ಹಿಂದಿನ ಅಡ್ಡಹೊಲಿಗೆ ಅಂಗೈ ಅಗಲ ಹರಿದಿತ್ತು.

“ಅಯ್ಯೋ ಅಕ್ಕಾ,” ಎಂದು ರಶ್ಮಿತಾ ಕೋಟು ಬಿಚ್ಚಿದಳು. ಸುಮೈರಾಳಿಗೆ ಬೇಸರ ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ. ಅವಳು ಫೋನನ್ನು ದುಪಟ್ಟಾದ ನೆರಳಿನಲ್ಲಿ ಹಿಡಿದು ವಿಡಿಯೋ ನೋಡುತ್ತಿದ್ದಳು. ನಿಲ್ಲಿಸಿ, ಹಿಂದಕ್ಕೆ ತಂದು, ಮತ್ತೆ ನೋಡಿದಳು. ಒಮ್ಮೆ ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಒಂದರೊಳಗೊಂದು ಸೇರಿ, ಬೆನ್ನು ಬಿಲ್ಲಿನಂತೆ ಬಾಗಿ, ನಾಯಿ ನೆಲ ಬಿಟ್ಟಿತ್ತು. ಮರುಗಳಿಗೆ ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿ ಮೈ ನೇರವಾಗಿ ಎಳೆದಿತ್ತು. ಆಗಲೂ ಯಾವ ಕಾಲೂ ನೆಲದ ಮೇಲಿರಲಿಲ್ಲ.

“ಒಂದು ಓಟದಾಗೆ ಎರಡು ಸಲ ಹಾರ್ತೈತೆ ಮೇಡಂ! ನೋಡ್ರಿ, ಬಾಗಿದಾಗ ಬೆನ್ನು ಉದ್ದ ಆಗ್ತೈತೆ, ಚಾಚಿದಾಗ ಗಿಡ್ಡ. ನಾನು ನಿಂತ ನಾಯಿಗೆ ಹೊಲಿದೆ. ಇದು ನಿಲ್ಲೋ ನಾಯೀನೇ ಅಲ್ಲ.” ಅವಳು ಪರದೆಯ ಮೇಲೆ ಬೆರಳಿಟ್ಟು ಅಳೆಯಲು ನೋಡಿದಳು. ಚಿತ್ರ ಮಸುಕಾಗಿತ್ತು. “ಇನ್ನೊಂದು ಸಲ ಓಡಿಸ್ರಿ. ಒಂದೇ ಸಲ. ಹತ್ತಿರದಿಂದ ತೆಗೀತೀನಿ.”

ರಶ್ಮಿತಾ ಹಗ್ಗ ಸರಿಮಾಡಲು ಬಗ್ಗಿದಳು, ಕೊರಳಪಟ್ಟಿ ಹಿಡಿದಿದ್ದ ಕೈ ಸಡಿಲವಾಯಿತು. ಅದೇ ಹೊತ್ತಿಗೆ ಮೆಕ್ಕೆಜೋಳದ ಕೂಳೆಯ ನಡುವಿನಿಂದ ಮೊಲವೊಂದು ಚಿಮ್ಮಿ ಓಡಿತು. ಚಿಗರಿ ಅದರ ಹಿಂದೆ ಹೋಯಿತು. ಒಂದು ಹೊಲ, ಎರಡು ಹೊಲ, ಆಚೆಯ ತೊಗರಿ ಸಾಲು, ಅಷ್ಟೇ. ಕಣ್ಣಿಗೆ ಕಾಣದಾಯಿತು.

“ಚಿಗರೀ! ಚಿಗರೀ!” ರಶ್ಮಿತಾ ಕೂಗುತ್ತಾ ಓಡಿದಳು.

“ಆ ಕಡೆ ಹೈವೇ ಐತೆ!” ಭರಮಣ್ಣ ಹಗ್ಗ ಕಿತ್ತು ಬಿಸಾಕಿ ಬೈಕು ಹತ್ತಿದರು. “ನಾನು ರಸ್ತೆ ಕಡೆ ಹೋಗ್ತೀನಿ, ನೀವು ಕೂಗ್ತಾ ಇರ್ರಿ.”

ಲಾರಿಗಳ ಸದ್ದು ದೂರದಿಂದ ಬರುತ್ತಿತ್ತು. ಸುಮೈರಾ ಫೋನು ಕೆಳಗಿಟ್ಟಳು. ಇನ್ನೊಂದು ಸಲ ಎಂದವಳು ತಾನೇ. ಕೂಗಬೇಕೆಂದು ಬಾಯಿ ತೆರೆದವಳು ಹಾಗೇ ನಿಂತಳು. ಪಾತ್ರೆ ಬಿದ್ದರೂ ಏಳದ ನಾಯಿ, ಬೇಟೆಯ ಹಿಂದೆ ಹೋಗುವಾಗ ಕೂಗು ಕೇಳುತ್ತದೆಯೇ? ಬದುವಿನ ಪಕ್ಕದಲ್ಲಿ ಹೊಲದಿಂದ ಆರಿಸಿ ಹಾಕಿದ ಕಲ್ಲುಗಳ ಗುಡ್ಡೆಯಿತ್ತು. ಅವಳು ಚಪ್ಪಲಿ ಬಿಟ್ಟು ಅದನ್ನು ಹತ್ತಿದಳು. ಮೇಲಿನಿಂದ ನೋಡಿದರೆ, ಬಹಳ ದೂರದಲ್ಲಿ, ಉಳುಮೆ ಮಾಡಿದ ಕೆಂಪು ನೆಲದ ಮೇಲೆ ಒಂದು ಸಣ್ಣ ಚುಕ್ಕೆ ಅತ್ತಿತ್ತ ತಿರುಗುತ್ತಿತ್ತು. ಮೊಲ ತಪ್ಪಿಸಿಕೊಂಡಿರಬೇಕು. ನಾಯಿಯ ಹಿಂದೆ ಹೈವೇಯ ಲಾರಿಗಳು ಸಾಲಾಗಿ ಚಲಿಸುತ್ತಿದ್ದವು. ಇನ್ನು ಅದು ನೋಡುವುದು ಅವನ್ನೇ.

ಸುಮೈರಾ ತಲೆಯ ಮೇಲಿನ ಹಳದಿ ದುಪಟ್ಟಾ ತೆಗೆದು ಎರಡೂ ಕೈಯಿಂದ ಎತ್ತಿ ಬೀಸಿದಳು. ಚುಕ್ಕೆ ಹಾಗೇ ತಿರುಗುತ್ತಿತ್ತು. ಅವಳು ಗುಡ್ಡೆಯಿಂದ ಇಳಿದು, ದುಪಟ್ಟಾದ ಒಂದು ತುದಿ ಹಿಡಿದು, ಅದು ಹಿಂದೆ ಹಾರುವಂತೆ ಬದುವಿನ ಗುಂಟ ಓಡಿದಳು. ಮದುವೆಯಾದ ಮೇಲೆ ಅವಳು ಹಾಗೆ ಓಡಿದ್ದೇ ಇಲ್ಲ. ತಿರುಗಿ ನೋಡಿದಾಗ ಚುಕ್ಕೆ ನಿಂತಿತ್ತು. ಮತ್ತೆ ಓಡಿದಳು. ಈ ಸಲ ತಿರುಗಿದಾಗ ಚುಕ್ಕೆ ದೊಡ್ಡದಾಗುತ್ತಿತ್ತು.

ಅದು ಅಷ್ಟು ಬೇಗ ಬರುತ್ತದೆಂದು ಅವಳು ಎಣಿಸಿರಲಿಲ್ಲ. ತೊಗರಿ ಸಾಲು ದಾಟಿ, ಖಾಲಿ ಹೊಲ ದಾಟಿ, ನೇರವಾಗಿ ತನ್ನ ಮೇಲೆಯೇ ಬರುತ್ತಿದ್ದ ನಾಯಿಯನ್ನು ನೋಡಿ ಅವಳು ಕಾಲು ಊರಿ ನಿಂತಳು. ಕೈ ಬಿಡು ಎಂದು ಮೈಯೆಲ್ಲ ಹೇಳುತ್ತಿತ್ತು. ಬಿಡಲಿಲ್ಲ. ಚಿಗರಿ ಹಾರಿ ದುಪಟ್ಟಾದ ತುದಿಯನ್ನು ಹಲ್ಲಿನಲ್ಲಿ ಹಿಡಿಯಿತು. ಸುಮೈರಾ ನೆಲಕ್ಕೆ ಕುಸಿದು ಕೂತಳು, ಕೂತಲ್ಲೇ ಕೊರಳಪಟ್ಟಿಗೆ ಬೆರಳು ಸಿಕ್ಕಿಸಿದಳು. ನಾಯಿ ಏದುಸಿರು ಬಿಡುತ್ತಾ ಅವಳ ಪಕ್ಕದಲ್ಲೇ ನಿಂತಿತು. ರಶ್ಮಿತಾ ಅಳುತ್ತಾ ಓಡಿ ಬಂದಳು. ಭರಮಣ್ಣ ಬೈಕಿನಲ್ಲಿ ಬಂದು ಇಬ್ಬರನ್ನೂ ನೋಡಿ, “ಕೂಗಿದ್ದು ಅವರು, ಕರೆದಿದ್ದು ನೀವು,” ಎಂದು ಸುಮೈರಾಳ ಮುಂದೆ ನೀರಿನ ಬಾಟಲಿ ಹಿಡಿದರು.

ಹರಿದ ದುಪಟ್ಟಾವನ್ನು ರಶ್ಮಿತಾಳ ಕಾರಿನಲ್ಲೇ ಬಿಟ್ಟು, ಅವಳ ಶಾಲು ಹೊದ್ದು ಸುಮೈರಾ ಮನೆಗೆ ಬಂದಳು. ಹಜೀರಾಬಿ ಶಾಲು ನೋಡಿದರು. ಸುಮೈರಾ ಬಾಗಿಲ ಹೊರಗೇ ನಿಂತು ನಡೆದದ್ದೆಲ್ಲ ಹೇಳಿದಳು. ನಾಯಿ ಹೋಯಿತು, ಹೈವೇ ಇತ್ತು ಎನ್ನುವಲ್ಲಿಗೆ ಅತ್ತೆ ಹೊಸ್ತಿಲು ಹಿಡಿದುಕೊಂಡು, “ಆಮೇಲೆ? ಸಿಕ್ತಾ?” ಎಂದರು. ಸಿಕ್ಕಿತು ಎಂದ ಮೇಲೆ, “ಕೈಕಾಲು ತೊಳ್ಕೊಂಡು ಒಳಗೆ ಬಾ. ದುಪಟ್ಟಾ ಹಾಳಾಗಿ ಹೋಗಲಿ,” ಎಂದು ಬಚ್ಚಲಿಗೆ ತಾವೇ ನೀರಿಟ್ಟರು.

ಮೂರನೆಯ ಕೋಟಿಗೆ ಸುಮೈರಾ ಹತ್ತು ದಿನ ತೆಗೆದುಕೊಂಡಳು. ಬೆನ್ನಿನ ಭಾಗವನ್ನು ಎರಡಾಗಿ ಕತ್ತರಿಸಿ ನಡುವೆ ಎಳೆದರೆ ಹಿಗ್ಗುವ ಬನಿಯನ್ ಬಟ್ಟೆ ಕೂಡಿಸಿದಳು. ಮುಂಗಾಲಿನ ಕಂಕುಳಲ್ಲಿ, ಗಂಡಸರ ಕುರ್ತಾಕ್ಕೆ ಇಡುವಂತೆ, ಚೌಕದ ತುಂಡು ಇಟ್ಟಳು. ಎಷ್ಟು ಹಿಗ್ಗಬೇಕೆನ್ನುವುದನ್ನು ವಿಡಿಯೋದ ಚಿತ್ರಗಳಿಂದ ಲೆಕ್ಕ ಹಾಕಿದಳು. ಬಾಗಿದಾಗ ಬೆನ್ನು ಐದರಲ್ಲಿ ಒಂದು ಪಾಲು ಹೆಚ್ಚಾಗುತ್ತಿತ್ತು. ಈ ಸಲ ಸುತ್ತ ಬೇಲಿಯಿದ್ದ ಮೈದಾನದಲ್ಲಿ ಓಡಿಸಿದರು. ಒಂದು ಹೊಲಿಗೆಯೂ ಬಿಡಲಿಲ್ಲ.

ಚಿಗರಿಯನ್ನು ನೋಡಬೇಕೆಂದು ಮಕ್ತುಮ್ ಸಾಬ್ ಹಟ ಹಿಡಿದಿದ್ದರು. ಮನೆಗೆ ಕರೆತರುವಂತಿರಲಿಲ್ಲ. ಜನವರಿಯ ಒಂದು ಬೆಳಿಗ್ಗೆ ರಶ್ಮಿತಾ ಅದನ್ನು ಕಾರಿನಲ್ಲಿ ಹರಿಹರದ ಹೊಳೆ ದಂಡೆಗೆ ತಂದಳು. ಮಕ್ತುಮ್ ಸಾಬರ ಜೊತೆ ಹಜೀರಾಬಿಯೂ ಬಂದು, ಹತ್ತು ಮಾರು ದೂರದ ಮೆಟ್ಟಿಲ ಮೇಲೆ ನಿಂತರು.

ಮಕ್ತುಮ್ ಸಾಬ್ ನಾಯಿಯ ಸುತ್ತ ಒಂದು ಸುತ್ತು ಬಂದರು. ಅದು ಅವರನ್ನು ನೋಡಿ ಮುಖ ತಿರುಗಿಸಿತು. “ಹಾಂ, ಇದೇ. ಲೋಕಾಪುರದಾಗೂ ಹಿಂಗೇ ಮಾಡೋವು,” ಎಂದು ಅವರು ಬಹಳ ಸಂತೋಷಪಟ್ಟರು. “ನಾನು ಕಾರವಾನ್ ಕತೆ ಹೇಳಿದ್ದೆ ಇವಳಿಗೆ. ನಿಜಾನಾ ಮೇಡಂ?”

“ಗೊತ್ತಿಲ್ಲ ಸಾಬ್‌ರೇ. ಅರಬರ, ಇರಾನಿನ ಕಡೆಯ ನಾಯಿಗಳ ಹೋಲಿಕೆ ಐತೆ. ಬೇಡರು ಇಟ್ಟುಕೊಂಡಿದ್ದನ್ನ ನೋಡಿ ಮುಧೋಳದ ಅರಸರು ತಳಿ ಬೆಳೆಸಿದ್ರು, ಒಂದು ಜೋಡಿ ಇಂಗ್ಲೆಂಡಿನ ದೊರೆಗೆ ಕೊಟ್ಟರು, ಆವಾಗಿಂದ ಮುಧೋಳದ ಹೆಸರು ಬಂತು ಅಂತಾರೆ. ಅದಕ್ಕೂ ಹಿಂದೆ ಯಾರ ಜೊತೆ, ಯಾವ ದಾರೀಲಿ ಬಂದವು ಅಂತ ಬರೆದಿಟ್ಟೋರು ನನಗಂತೂ ಸಿಕ್ಕಿಲ್ಲ.”

“ಇದು ಬೊಗಳೋದೇ ಇಲ್ವಾ?” ಹಜೀರಾಬಿ ಮೆಟ್ಟಿಲಿನಿಂದ ಕೇಳಿದರು.

“ಅಪರೂಪಕ್ಕೆ ಅಮ್ಮಾ.”

“ಎಷ್ಟು ಮರಿ ಹಾಕ್ತೈತೆ? ಬೇಸಿಗೇಲಿ ಏನು ಮಾಡ್ತೀರಿ?” ಒಂದೊಂದು ಪ್ರಶ್ನೆಗೆ ಹಜೀರಾಬಿ ಒಂದೊಂದು ಮೆಟ್ಟಿಲು ಇಳಿದಿದ್ದರು.

ರಶ್ಮಿತಾ ಉತ್ತರ ಹೇಳುತ್ತಿರುವಾಗ ಚಿಗರಿ ಕತ್ತು ನೀಳ ಮಾಡಿ ಹೊಳೆಯ ಆಚೆ ದಡವನ್ನು ನೋಡತೊಡಗಿತು. ಎಲ್ಲರೂ ಆ ಕಡೆ ತಿರುಗಿದರು. ಮರಳು, ಜಾಲಿ ಗಿಡ, ಬೇರೇನೂ ಕಾಣಲಿಲ್ಲ. ಮಕ್ತುಮ್ ಸಾಬ್ ಕನ್ನಡಕ ಒರೆಸಿಕೊಂಡರು. ತುಸು ಹೊತ್ತಿಗೆ ಜಾಲಿಯ ನೆರಳಿನಿಂದ ಒಂದು ಎಮ್ಮೆಕರು ಎದ್ದು ಮರಳಿನ ಮೇಲೆ ಬಂತು.

“ಅದು ನೆರಳಲ್ಲಿ ಮಲಗಿದ್ದು ಇದಕ್ಕೆ ಕಾಣಿಸ್ತಾ? ಎಷ್ಟು ದೂರದವರೆಗೂ ಕಾಣ್ತೈತೆ ಹಂಗಾದ್ರೆ?” ಎಂದರು ಹಜೀರಾಬಿ.

ಸುಮೈರಾ ರಶ್ಮಿತಾಳ ಮುಖ ನೋಡಿದಳು. “ಗೊತ್ತಿಲ್ಲ ಅಮ್ಮಾ, ಅಳೆದು ನೋಡಬೇಕು,” ಎಂದಳು ರಶ್ಮಿತಾ.